ಚಿಲಕ ಹಾಕದ ಮನೆಯ ತ್ರಿವೇಣಿ

ಮಾವನನ್ನು ಮನೆಯೊಳಗಿಟ್ಟು ಹೊರಗಿನಿಂದ ಚಿಲಕ ಹಾಕಿಕೊಂಡು ಕೆಲಸಕ್ಕೆ ಹೋಗಲು ತ್ರಿವೇಣಿ ಒಪ್ಪಲಿಲ್ಲ. ಉಳಿದ ಫಜೀತಿಯೆಲ್ಲ ಆ ಒಂದು ಹಟದಿಂದ ಹುಟ್ಟಿದ್ದು.

ಅವಳ ಮಾವ ಬಂಡೆಪ್ಪ ನಂದಗಡದವನು, ಆಯುಷ್ಯವನ್ನೆಲ್ಲ ಕುರಿಗಳ ಹಿಂದೆ ನಡೆದು ಸವೆಸಿದವನು. ಕಾಲಲ್ಲಿ ಕಸುವು ಹೋದ ಮೇಲೆ ಹಿಂಡು ಮಾರಿ, ಖಾನಾಪುರದಲ್ಲಿ ಸ್ಟೇಶನ್ನಿಗೆ ಹತ್ತಿರದ ಬಡಾವಣೆಯಲ್ಲಿದ್ದ ಮಗನ ಮನೆಗೆ ಬಂದ. ಈಗ ಎಂಬತ್ತು ದಾಟಿತ್ತು. ಕಾಲಿನ ನೋವು ಒಂದು ತೆರನಾದರೆ ನೆನಪಿನದು ಇನ್ನೊಂದು. ಎಂದೋ ಸತ್ತವರನ್ನು ಊಟಕ್ಕೆ ಕರೆಯುತ್ತಿದ್ದ, ಎದುರಿಗೆ ನಿಂತ ಮಗನನ್ನು ಯಾರ ಪೈಕಿ ಎಂದು ಕೇಳುತ್ತಿದ್ದ. ಒಂದು ದೀಪಾವಳಿಯ ಆಚೀಚೆ ಮನೆ ಬಿಟ್ಟು ಹೊರಟವನು ನಂದಗಡದ ದಾರಿಯಲ್ಲಿ ಸಿಕ್ಕ. ಗುರುತಿನ ಜೀಪಿನವನೊಬ್ಬ ಕೂರಿಸಿಕೊಂಡು ತಂದು ಬಿಟ್ಟ.

ಆ ದಿನವೇ ಗಂಡ ಯಲ್ಲೇಶ ಮಾತು ತೆಗೆದ. ಅವನು ಬಸ್ ಚಾಲಕ, ಪುಣೆಯ ದಾರಿ ಅವನದು. ಒಂದು ದಿನ ಮನೆಯಲ್ಲಿದ್ದರೆ ಎರಡು ದಿನ ಇಲ್ಲ.

"ನಾಳಿಂದ ಹೊರಗ ಚಿಲಕಾ ಹಾಕ್ಕೊಂಡ ಹೋಗು."

"ನಿಮ್ಮಪ್ಪಾರು ಆಕಾಶದ ಬುಡಕ ಮಲಗಿ ಬೆಳದವರು. ಕುರೀನ ಸುದ್ದಾ ಹಗಲೊತ್ತು ಯಾರೂ ಕೂಡಿಹಾಕೂದಿಲ್ಲ."

"ಹಂಗಾರ ನೌಕರಿ ಬಿಟ್ಟು ಕಾಯ್ಕೋಂತ ಕುಂದರು."

"ನಿಮ್ದ ಬಿಡ್ರಿ. ನಾ ಬ್ಯಾಡ ಅನ್ನೂದಿಲ್ಲ."

ಯಲ್ಲೇಶ ಚಹಾ ಕುಡಿದು ಡ್ಯೂಟಿಗೆ ಹೋದ. ಮಾತು ಅಲ್ಲಿಗೆ ನಿಂತಿತು.

ತ್ರಿವೇಣಿ ಬೆಳಗಾವಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ತಂತ್ರಜ್ಞೆ. ನಂದಗಡದ ಕುರಿಗಾರರ ಮನೆಯಲ್ಲಿ ಹುಟ್ಟಿ, ವಿಜ್ಞಾನ ಓದಿ, ಬಿಳಿ ಕೋಟು ಹಾಕಿಕೊಂಡವಳು. ಅವಳ ಹಟಕ್ಕೆ ಕಾರಣವಿತ್ತು. ಮಗಳು ಸಮೃದ್ಧಿ ಹುಟ್ಟಿದಾಗ ಬೀಗರು ನೆಂಟರೆಲ್ಲ ಸೇರಿ ಇನ್ನು ನೌಕರಿ ಸಾಕು ಎಂದಿದ್ದರು. ಆಗ ಬಂಡೆಪ್ಪ ಎದ್ದು ನಿಂತು, "ಕಲತಾಕಿ ಮನ್ಯಾಗ ಯಾಕ ಕುಂದ್ರಬೇಕು? ಕೂಸಿನ ನಾ ನೋಡತೀನಿ, ನೂರು ಮರಿ ಸಾಕೇನಿ" ಎಂದ. ಹೇಳಿದಂತೆ ನಡೆದ ಕೂಡ. ಕಂಬಳಿಯಲ್ಲಿ ಕೂಸನ್ನು ಸುತ್ತಿ ಬೆನ್ನಿಗೆ ಕಟ್ಟಿಕೊಂಡು ಓಣಿ ತಿರುಗಿದ. ಆ ಕೂಸು ಈಗ ಧಾರವಾಡದಲ್ಲಿ ಓದುತ್ತಿತ್ತು. ತ್ರಿವೇಣಿ ಇವತ್ತು ಏನಾಗಿದ್ದಳೋ ಅದರಲ್ಲಿ ಅರ್ಧ ಪಾಲು ಈ ಮುದುಕನದು ಎಂಬುದು ಅವಳಿಗೆ ಗೊತ್ತಿತ್ತು. ಅಂಥವನ ಮೇಲೆ ಚಿಲಕ ಎಳೆಯುವುದು ಅವಳ ಕೈಯಿಂದ ಆಗುವ ಕೆಲಸವಾಗಿರಲಿಲ್ಲ.

ಹೀಗಾಗಿ ಯಂತ್ರ ಬಂತು.

ಪಕ್ಕದ ಮನೆಯ ಕುಂದಾ ಕಾಕುವಿನ ಮಗ ಅಭಿಜಿತನಿಗೆ ಖಾನಾಪುರದ ಪೇಟೆಯಲ್ಲಿ ಕ್ಯಾಮೆರಾ ಹಾಕಿಕೊಡುವ ಅಂಗಡಿ ಇತ್ತು. ಅವನು ಬಂದು ಬಾಗಿಲ ಚೌಕಟ್ಟಿಗೊಂದು ಸೆನ್ಸರ್, ಮೇಲೊಂದು ಕ್ಯಾಮೆರಾ, ಗೋಡೆಗೊಂದು ಡಬ್ಬಿ ಕೂರಿಸಿದ. ಬಾಗಿಲು ತೆರೆದರೆ ಸಾಕು, ಡಬ್ಬಿಯೊಳಗಿಂದ ಒಂದು ಹೆಣ್ಣು ದನಿ ಇಂಗ್ಲಿಷಿನಲ್ಲಿ "ಫ್ರಂಟ್ ಡೋರ್ ಓಪನ್" ಎಂದು ಕೂಗುತ್ತಿತ್ತು, ಜೊತೆಗೆ ತ್ರಿವೇಣಿಯ ಫೋನಿಗೆ ಎಚ್ಚರಿಕೆ ಹೋಗುತ್ತಿತ್ತು. ಬಂಡೆಪ್ಪ ಗೋಡೆಯೊಳಗಿನ ಆ ದನಿಗೆ ಗ್ವಾಡಿಯವ್ವ ಎಂದು ಹೆಸರಿಟ್ಟ. ಅವಳು ಕೂಗಿದಾಗೆಲ್ಲ, "ಹೂಂನವಾ, ನಾನ ತಗದೇನಿ. ಒಂದೀಟ ಗಾಳಿ ಬರ್ಲಿ ಬಿಡು" ಎಂದು ಉತ್ತರ ಕೊಡುತ್ತಿದ್ದ. ಒಮ್ಮೊಮ್ಮೆ ಅವಳಿಗೆ ಊಟವಾಯಿತೇ ಎಂದು ಕೇಳುವುದೂ ಇತ್ತು.

ಮೊದಲ ವಾರ ತ್ರಿವೇಣಿ ನೆಮ್ಮದಿಯಿಂದಿದ್ದಳು. ಎರಡನೆಯ ವಾರದಲ್ಲಿ ಆ ವ್ಯವಸ್ಥೆಯ ತಕರಾರು ತಿಳಿಯಿತು. ಒಂದು ಎಚ್ಚರಿಕೆ ಬಂದರೆ ಅದನ್ನು ಯಾರಾದರೂ ನೋಡಿ, ಒತ್ತಿ, ಅಳಿಸಬೇಕು. ಅಳಿಸುವ ತನಕ ಅದೇ ಬಾಗಿಲಿನಿಂದ ಹೊಸ ಎಚ್ಚರಿಕೆ ಬರುವುದಿಲ್ಲ. ಬೆಳಿಗ್ಗೆ ಸೊಪ್ಪು ಮಾರುವ ಕಾಡವ್ವ ಬಂದು ಬಾಗಿಲು ನೂಕಿದ್ದನ್ನು ಅಳಿಸದೆ ಬಿಟ್ಟರೆ, ಮಧ್ಯಾಹ್ನ ಮಾವ ಎದ್ದು ಹೋದರೂ ಯಂತ್ರ ಬಾಯಿ ಬಿಡದು. ಲ್ಯಾಬಿನೊಳಗೆ ಫೋನು ಒಯ್ಯುವಂತಿಲ್ಲ, ಕಪಾಟಿನಲ್ಲಿಡಬೇಕು. ತ್ರಿವೇಣಿ ಕೈಗವಸು ಕಳಚಿ, ಕೈ ತೊಳೆದು, ಕಪಾಟಿಗೆ ಓಡಿ, ಒತ್ತಿ, ಮತ್ತೆ ಬಂದು ಕೈಗವಸು ಹಾಕಿಕೊಳ್ಳುವಷ್ಟರಲ್ಲಿ ಗಾಳಿಗೆ ಬಾಗಿಲು ಇನ್ನೊಮ್ಮೆ ತೆರೆದಿರುತ್ತಿತ್ತು. ಒಳಗಿನ ಡಾಕ್ಟರರು ಕನ್ನಡಕದ ಮೇಲಿಂದ ನೋಡತೊಡಗಿದರು.

"ಅಭಿ, ಎಲ್ಲಾ ಸರಿ ಇದ್ದಾಗ ಅದು ತಂತಾನ ಅಳಸಿ ಹೋಗೂವಂಗ ಮಾಡಪಾ," ಎಂದಳು.

ಅಭಿಜಿತ ಕಂಪನಿಗೆ ಬರೆದು ಕೇಳಿದ. ಎಚ್ಚರಿಕೆಯನ್ನು ಮನುಷ್ಯರೇ ನೋಡಿ ಅಳಿಸಬೇಕು, ಸುರಕ್ಷತೆಯ ಕಾರಣಕ್ಕೆ ಬೇರೆ ದಾರಿ ಇಟ್ಟಿಲ್ಲ ಎಂದು ಉತ್ತರ ಬಂತು. ತ್ರಿವೇಣಿಗೆ ಸಿಟ್ಟು ಬಂತು. ಅಭಿಜಿತನಿಗೆ ಹುರುಪು ಬಂತು. ಅವನು ಒಂದು ಹಳೆಯ ಫೋನು ತಂದು ಅದರಲ್ಲಿ ಅವಳ ಹೆಸರಿನ ಖಾತೆಯನ್ನೇ ತೆರೆದು, ದೇವರ ಜಗಲಿಯ ಪಕ್ಕ ಚಾರ್ಜಿಗೆ ಹಾಕಿ ನಿಲ್ಲಿಸಿದ. ಎಚ್ಚರಿಕೆ ಬಂದೊಡನೆ ಪರದೆಯ ಮೇಲಿನ ಗುಂಡಿಯನ್ನು ಅದು ತಾನೇ ಒತ್ತುವಂತೆ ಒಂದು ಆ್ಯಪ್ ಹಾಕಿದ.

"ಬೆರಳಿಲ್ಲದ ಬೆರಳು ನೋಡ್ರಿ ಅಕ್ಕಾ," ಎಂದು ನಕ್ಕ.

ಆ ಬೆರಳಿಗೆ ವಿವೇಕವಿರಲಿಲ್ಲ. ಒಮ್ಮೆ ಫೋನ್ ಕಂಪನಿಯ ಜಾಹೀರಾತು ಅಡ್ಡ ಬಂದಾಗ ಅದಕ್ಕೂ ಹೌದು ಎಂದು ಒತ್ತಿತು, ಆ ನಂಬರಿಗೆ ಕರೆ ಮಾಡಿದವರಿಗೆಲ್ಲ ಲಾವಣಿ ಕೇಳಿಸತೊಡಗಿತು. ಇನ್ನೊಮ್ಮೆ ಕರೆಂಟು ಹೋಗಿ ಫೋನು ಸತ್ತು ದಿನವಿಡೀ ಏನನ್ನೂ ಒತ್ತಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಕ್ಯಾಮೆರಾ ಕಂಪನಿ ತನ್ನ ಆ್ಯಪ್ ಬದಲಿಸಿದ ದಿನ. ಅಳಿಸುವ ಗುಂಡಿ ಇದ್ದ ಜಾಗಕ್ಕೆ ಸೈರನ್ನಿನ ಗುಂಡಿ ಬಂದು ಕೂತಿತ್ತು. ಕುಂದಾ ಕಾಕು ಎಂದಿನಂತೆ ಮಜ್ಜಿಗೆಯ ಪಾತ್ರೆ ಹಿಡಿದು ಬಾಗಿಲು ನೂಕಿದಳು. ಕ್ಯಾಮೆರಾ ಅಪರಿಚಿತ ವ್ಯಕ್ತಿ ಎಂದಿತು, ಫೋನು ಗುಂಡಿ ಒತ್ತಿತು, ಸೈರನ್ನು ಓಣಿಯೆಲ್ಲ ಕೇಳುವಂತೆ ಊಳಿಟ್ಟಿತು. ಜನ ಕೂಡಿದರು. ಕುಂದಾ ಕಾಕುವಿನ ಸೀರೆಯ ಮೇಲೆಲ್ಲ ಮಜ್ಜಿಗೆ.

ಸಂಜೆ ತ್ರಿವೇಣಿ ಹೋದಾಗ ಅವಳು ಬಾಗಿಲಲ್ಲೇ ನಿಂತು ಮಾತಾಡಿದಳು. "ನಿನ್ನ ಮಗಳಿಗೆ ನಾ ಎಣ್ಣಿ ಹಚ್ಚಿ ಎರದೀನಿ. ಈಗ ಓಣಿ ಮಂದಿ ಮುಂದ ನಾ ಕಳ್ಳಿ ಆದ್ನೇನ ತ್ರಿವೇಣಿ?"

"ಅದು ಮಶೀನು ಕಾಕೂ. ಅದಕ್ಕೇನ ಗೊತ್ತು?"

"ಹಚ್ಚಿದಾಕಿ ನೀನ ಅಲ್ಲಾ?"

ಮಾಡಿದ್ದು ಕಾಕುವಿನ ಮಗನೇ ಎಂಬುದು ತ್ರಿವೇಣಿಯ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಅಂದಿನಿಂದ ಕುಂದಾ ಕಾಕು ಹೊಸ್ತಿಲು ತುಳಿಯುವುದನ್ನು ಬಿಟ್ಟಳು. ಮಜ್ಜಿಗೆಯನ್ನು ಮಾತ್ರ ಬಿಡಲಿಲ್ಲ. ಊಟದ ಹೊತ್ತಿಗೆ ಬಂಡೆಪ್ಪ ಕಂಪೌಂಡಿನ ಹತ್ತಿರ ನಿಂತು "ಬಾಯಾರ, ಮಜ್ಜಿಗಿ ಐತೇನ್ರಿ?" ಎಂದು ಕೂಗಿದರೆ ಗೋಡೆಯ ಮೇಲಿಂದ ಲೋಟ ಬರುತ್ತಿತ್ತು.

ಆ ಫೋನು ಎಲ್ಲ ಎಚ್ಚರಿಕೆಯನ್ನೂ ಅಳಿಸಬಾರದು, ಮಾವ ಮನೆಯಲ್ಲಿದ್ದಾಗ ಮಾತ್ರ ಅಳಿಸಬೇಕು. ಮಾವ ಇದ್ದಾನೆಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಇದಕ್ಕೆ ಉಪಾಯ ಹುಡುಕಿದವಳು ತ್ರಿವೇಣಿಯೇ. ತಾನೆಲ್ಲಿದೆ ಎಂದು ಫೋನಿಗೆ ತಿಳಿಸುವ ಒಂದು ಪುಟ್ಟ ಬಿಲ್ಲೆಯನ್ನು ಅಭಿಜಿತನಿಂದ ತರಿಸಿ, ಮಾವನ ಕರಿ ಕಂಬಳಿಯ ಅಂಚಿಗೆ ಹೊಲಿದಳು. ಹೆಗಲ ಮೇಲೆ ಕಂಬಳಿ ಇಲ್ಲದೆ ಬಂಡೆಪ್ಪ ಹೊಸ್ತಿಲು ದಾಟಿದ್ದನ್ನು ಯಾರೂ ಕಂಡಿರಲಿಲ್ಲ. ಬೇಸಿಗೆಯಲ್ಲೂ ಇಲ್ಲ, ಮಗನ ಮದುವೆಯಲ್ಲೂ ಇಲ್ಲ. ನಂದಗಡದ ದಾರಿಯಲ್ಲಿ ಸಿಕ್ಕಾಗಲೂ ಕಂಬಳಿ ಹೆಗಲಲ್ಲೇ ಇತ್ತು. ಕಂಬಳಿ ಮನೆಯಲ್ಲಿದ್ದರೆ ಮಾವ ಮನೆಯಲ್ಲಿದ್ದಾನೆ, ಎಚ್ಚರಿಕೆ ಅಳಿಸಿಹೋಗಲಿ. ಕಂಬಳಿ ಕಂಪೌಂಡು ದಾಟಿದರೆ ಲ್ಯಾಬಿನ ಫೋನಿಗೇ ಕರೆ ಹೋಗಲಿ. ಕುರಿಗಾರರ ಮನೆಯಲ್ಲಿ ಹುಟ್ಟದವರಿಗೆ ಇದು ಹೊಳೆಯುತ್ತಿರಲಿಲ್ಲ ಎಂದು ಅವಳಿಗೆ ಒಳಗೊಳಗೆ ಹೆಮ್ಮೆ.

ಸಂಕ್ರಾಂತಿ ಕಳೆಯಿತು. ಯಂತ್ರ ತೆಪ್ಪಗೆ ನಡೆಯಿತು. ತ್ರಿವೇಣಿ ಕಪಾಟಿಗೆ ಓಡುವುದನ್ನು ಮರೆತಳು.

ಒಂದು ದಿನ ಮಧ್ಯಾಹ್ನ ಲ್ಯಾಬಿನ ಫೋನು ರಿಂಗಣಿಸಿತು. ಜೊತೆಯಲ್ಲಿ ಕೆಲಸ ಮಾಡುವ ಸಾನಿಕಾ ಎತ್ತಿ, "ತ್ರಿವೇಣಿ ಮೇಡಂ, ನಿಮಗ. ಯಾರೋ ಕಾಕು, ಭಾಳ ಜೋರ್ ಮಾತಾಡಲಿಕತ್ತಾರ," ಎಂದಳು.

"ತ್ರಿವೇಣಿ, ನಾ ಕುಂದಾ. ನಿನ್ನ ಮೊಬೈಲಿಗೆ ಹಚ್ಚಿ ಹಚ್ಚಿ ಸಾಕಾತು. ಕಾಕಾ ಮನ್ಯಾಗಿಲ್ಲ."

"ಇರತಾರ್ರಿ ಕಾಕೂ. ಬಚ್ಚಲಕ್ಕ ಹೋಗಿರಬೇಕು."

"ಬಚ್ಚಲಾ ನೋಡೀನಿ, ಹಿತ್ತಲಾ ನೋಡೀನಿ, ಮಂಚದ ಬುಡಕ ಸುದ್ದಾ ನೋಡೀನಿ. ಊಟದ ಹೊತ್ತು ದಾಟ್ತು, ಮಜ್ಜಿಗಿ ಕೇಳಲಿಲ್ಲ. ಅದಕ್ಕ ನಿನ್ನ ಡಬ್ಬಿ ಬೈದ್ರ ಬೈಲಿ ಅಂತ ಒಳಗ ಬಂದೆ."

ತ್ರಿವೇಣಿ ಕಪಾಟು ತೆರೆಸಿ ತನ್ನ ಫೋನು ನೋಡಿದಳು. ಹಸಿರು ಬಣ್ಣದಲ್ಲಿ ಎಲ್ಲ ಸುರಕ್ಷಿತ ಎಂದಿತ್ತು. ಬೆಳಿಗ್ಗೆಯಿಂದ ಬಂದ ಎಚ್ಚರಿಕೆಗಳೆಲ್ಲ ಅಚ್ಚುಕಟ್ಟಾಗಿ ಅಳಿಸಿಹೋಗಿದ್ದವು.

"ಕಂಬಳಿ ಐತೇನ್ರಿ ಅಲ್ಲೆ?"

"ಅದ. ಕಟ್ಟಿ ಮ್ಯಾಲ ಹಾಸ್ಯಾರ. ನಾಕೂ ಮೂಲಿ ಜಗ್ಗಿ ಸರಿ ಮಾಡಿ ಹಾಸ್ಯಾರ. ಬಾಜೂಕ ತಂಬಿಗಿ ನೀರು, ತಾಟಿನ್ಯಾಗ ಬೆಲ್ಲ. ಯಾರರ ಬರೋರಿದ್ರೇನು?"

ತ್ರಿವೇಣಿಗೆ ಥಟ್ಟನೆ ಹೊಳೆಯಿತು. ಕಂಬಳಿ ಬಿಟ್ಟು ಕುರುಬ ಹೊರಡುವ ಒಂದು ಸಂದರ್ಭವಿದೆ, ಅದು ಅವಳಿಗೆ ಹುಟ್ಟಿದಾಗಿನಿಂದ ಗೊತ್ತಿತ್ತು. ಹಿಂಡಿನವರು ಊರಿಗೆ ಬಂದರೆ ಮನೆಯ ಹಿರಿಯ ತನ್ನ ಹೆಗಲ ಕಂಬಳಿಯನ್ನೇ ಹಾಸಿ, ನೀರು ಬೆಲ್ಲ ಇಟ್ಟು, ತಾನೇ ಎದುರು ಹೋಗಿ ಕರೆಯಬೇಕು. ಹಾಸಿದ ಕಂಬಳಿಯನ್ನು ಬಂದವರು ಕೂರುವ ಮೊದಲು ಎತ್ತುವಂತಿಲ್ಲ. ಅವಳಪ್ಪ ಹಾಗೆಯೇ ಮಾಡುತ್ತಿದ್ದ. ಬಿಲ್ಲೆ ಹೊಲಿಯುವಾಗ ಮಾತ್ರ ಇದು ನೆನಪಿಗೆ ಬಂದಿರಲಿಲ್ಲ.

"ಕಾಕೂ, ಮುಂಜಾನೆ ಓಣ್ಯಾಗ ಕುರಿ ಹಾದು ಹೋದ್ವೇನ್ರಿ?"

"ಹೋದ್ವಲ್ಲ! ರಸ್ತಾದ ತುಂಬ ಹಿಕ್ಕಿ. ಹಳಿ ದಾಟಿ ಆ ಗುರುಪುತ್ರಪ್ಪನ ಹೊಲದಾಗ ತರುಬ್ಯಾರಂತ."

"ಅಲ್ಲೇ ಹೋಗ್ಯಾರ್ರಿ. ಕರಿಯಾಕ ಹೋಗ್ಯಾರ."

"ಹಳಿ ದಾಟಿ?" ಎಂದಳು ಕುಂದಾ ಕಾಕು. "ಅಭಿ ಜಾಂಬೋಟಿಗೆ ಹೋಗ್ಯಾನ, ಫೋನ್ ಹತ್ತಂಗಿಲ್ಲ. ನಾನ ಹೋಗತೀನಿ. ನೀ ಬಾ."

ಲೈನು ಕಟ್ಟಾಯಿತು.

ಡಾಕ್ಟರರು ಕೇಳುವ ಮೊದಲೇ ಹೋಗಿ ಎಂದರು. ಸಾನಿಕಾ ಸ್ಕೂಟಿಯಲ್ಲಿ ಬಸ್ ನಿಲ್ದಾಣಕ್ಕೆ ಬಿಟ್ಟಳು. ಖಾನಾಪುರದ ಬಸ್ಸು ಪಿರನವಾಡಿ, ಮಚ್ಛೆ ಎಂದು ನಿಂತು ನಿಂತು ಹೋಯಿತು. ತ್ರಿವೇಣಿ ಕುಂದಾ ಕಾಕುವಿಗೆ ಕರೆ ಮಾಡುತ್ತಲೇ ಇದ್ದಳು. ಗಂಟೆ ಹೋಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ದೇಸೂರು ದಾಟಿದ ಮೇಲೆ ದೂರದಲ್ಲಿ ಒಂದು ಗೂಡ್ಸ್ ಗಾಡಿ ಕಂಡಿತು, ಖಾನಾಪುರದ ಕಡೆಗೇ ಹೊರಟಿತ್ತು. ಬಸ್ಸು ಇಳಿಯುವವರಿಗಾಗಿ ನಿಂತಿತು, ಗೂಡ್ಸು ನಿಲ್ಲಲಿಲ್ಲ. ಅವಳು ಫೋನು ಹಿಡಿದು ಕೂತಿದ್ದಳು. ಪರದೆ ಹಸಿರಾಗಿಯೇ ಇತ್ತು. ಅದನ್ನು ಕಿಟಕಿಯಿಂದ ಎಸೆಯಬೇಕೆನಿಸಿತು. ಆದರೆ ಅದು ಅವಳು ಹೇಳಿದ್ದನ್ನೇ ಮಾಡಿತ್ತು.

ಖಾನಾಪುರದಲ್ಲಿ ಇಳಿದು ಆಟೋ ಹಿಡಿದು ರೈಲ್ವೆ ಗೇಟಿಗೆ ಬಂದಳು. ಗೇಟಿನ ಹತ್ತಿರ ಜನ ನೆರೆದಿರಲಿಲ್ಲ. ಅಷ್ಟಕ್ಕೇ ಉಸಿರು ಬಂದಂತಾಯಿತು. ಹಳಿ ದಾಟಿ ಬದುವಿನ ಮೇಲೆ ಓಡಿದಳು. ಭತ್ತ ಕೊಯ್ದ ಹೊಲದಲ್ಲಿ ಕುರಿಗಳು ಮೇಯುತ್ತಿದ್ದವು. ನಡುವೆ ಒಂದು ಕರಿ ಛತ್ರಿ ಬಿಚ್ಚಿಕೊಂಡಿತ್ತು. ಛತ್ರಿಯ ಕೆಳಗೆ ಬಂಡೆಪ್ಪ ಒಂದು ಮರಿಯ ಗೊರಸು ಹಿಡಿದು ಮುಳ್ಳು ಹುಡುಕುತ್ತಿದ್ದ. ಛತ್ರಿ ಹಿಡಿದು ಬಿಸಿಲಲ್ಲಿ ನಿಂತವಳು ಕುಂದಾ ಕಾಕು.

"ಬಾಯಾರ, ಛತ್ರಿ ಆ ಕಡೆ ಸರಸ್ರಿ. ಕತ್ತಲಾಕ್ಕೈತಿ."

"ನಿಮ್ಮ ಮರಿಗೆ ಛತ್ರಿ, ನನಗ ಬಿಸಲು. ಚಲೋ ನ್ಯಾಯ ಆತು ಕಾಕಾ."

ಹಿಂಡಿನ ಯಜಮಾನ ಬಾಳೇಶ ಎದ್ದು ಬಂದ. "ಅಂಜಬ್ಯಾಡ್ರಿ ಅಕ್ಕಾರ. ಹಳಿ ಬಾಜೂಕ ನಿಂತಿದ್ರು, ದಾಟಾಕ ಕಾಲ ಬರವಲ್ದಂಗ. ನಾಯಿ ಬೊಗಳ್ತು, ಹೋಗಿ ಕೈ ಹಿಡ್ದ ಕರ್ಕೊಂಡ ಬಂದೆ. ಊರು ಕೇಳಿದ್ರ ನಂದಗಡ ಅಂದ್ರು. ಸಂಜೀಕ ಅಲ್ಲೇ ಮುಟ್ಟಸೂಣು ಅಂತಿದ್ವಿ, ಅಷ್ಟರಾಗ ಈ ಬಾಯಾರು ಬಂದ್ರು ನೋಡ್ರಿ."

"ನನ್ನ ಮೊಬೈಲ್ ಚಾರ್ಜಿಗೇ ಉಳೀತು," ಎಂದಳು ಕುಂದಾ ಕಾಕು. "ಹೇಳಿ ಕಳಸೂಣಂದ್ರ ಇವರನ್ನ ಬಿಟ್ಟ ಹೋಗೂದ ಹ್ಯಾಂಗ?"

ಬಂಡೆಪ್ಪ ತಲೆಯೆತ್ತಿ ತ್ರಿವೇಣಿಯನ್ನು ನೋಡಿದ. "ಬಾ ತಂಗಿ, ಯಾರ ಮನಿಯಾಕಿ ನೀ? ಕುಂದರು. ಇವ್ರನ್ನೆಲ್ಲಾ ಊಟಕ್ಕ ಹೇಳೇನಿ. ನಮ್ಮ ಸೊಸಿ ಬೆಳಗಾವ್ಯಾಗ ದೊಡ್ಡ ನೌಕರಿ ಮಾಡತಾಳ. ಈಗ ಬರತಾಳ, ಬಂದು ರೊಟ್ಟಿ ಮಾಡತಾಳ. ನೀನೂ ಬಾ."

ತ್ರಿವೇಣಿ ಅಲ್ಲೇ ಬದುವಿನ ಮೇಲೆ ಕೂತಳು. "ಆತ್ರಿ ಮಾವಾ, ಬರತೀನಿ," ಎಂದಳು.

ಕರೆದ ಮೇಲೆ ಉಣಿಸಬೇಕು. ಅಂದು ಸಂಜೆ ಬಾಳೇಶ ಮತ್ತು ಅವನ ಜೊತೆಯವರು ಬಂದು ಹಾಸಿದ ಕಂಬಳಿಯ ಮೇಲೆ ಕೂತು, ನೀರು ಬೆಲ್ಲ ತಗೊಂಡರು. ಒಳಗೆ ತ್ರಿವೇಣಿ ರೊಟ್ಟಿ ಬಡಿಯುತ್ತಿದ್ದಳು. ಕುಂದಾ ಕಾಕು ಕೇಳದೆಯೇ ಬಂದು ಒಲೆಯ ಇನ್ನೊಂದು ಕಡೆ ಝುಣಕ ತಿರುವುತ್ತಿದ್ದಳು. ಹೊರಗೆ ಒಬ್ಬೊಬ್ಬರು ಬಾಗಿಲು ದಾಟಿದಾಗಲೂ ಗ್ವಾಡಿಯವ್ವ ಕೂಗುತ್ತಿದ್ದಳು. ಬಾಳೇಶ ಬೆಚ್ಚುತ್ತಿದ್ದ.

"ಕಾಕೂ," ಎಂದಳು ತ್ರಿವೇಣಿ, ರೊಟ್ಟಿಯಿಂದ ಕಣ್ಣೆತ್ತದೆ. "ನೀವು ಮಜ್ಜಿಗಿ ಹೊತ್ತ ನೋಡ್ಲಿಲ್ಲಂದ್ರ ಇವತ್ತ ನಮ್ಮ ಮಾವ ಎಲ್ಲಿರತಿದ್ರೋ ಏನೋ. ಸೈರನ್ ಹೊಡದ ದಿನಾನ ನಾ ನಿಮ್ಮ ಕಾಲಿಗೆ ಬೀಳಬೇಕಿತ್ತು. ಬೀಳಲಿಲ್ಲ. ತಪ್ಪ ನಂದು."

"ರೊಟ್ಟಿ ಹತ್ತತದ, ಹೊಳ್ಳಸು."

ಹೊಳ್ಳಿಸಿದಳು.

"ಕಾಲಿಗೆ ಬಿದ್ದು ಏನ್ ಮಾಡತಿ?" ಎಂದಳು ಕುಂದಾ ಕಾಕು ಝುಣಕ ತಿರುವುತ್ತ. "ಬಾಜೂ ಮನ್ಯಾಗ ನಾ ದಿನಾ ಇರತೀನಿ. ನನಗ ನೋಡಂತ ಒಮ್ಮೆರ ಹೇಳಿದ್ಯಾ? ಕಂಬಳಿಗೆ ಹೇಳಿದಿ, ಗ್ವಾಡಿಗೆ ಹೇಳಿದಿ, ಸತ್ತ ಫೋನಿಗೆ ಹೇಳಿದಿ."

ತ್ರಿವೇಣಿ ಹೇಳದೆ ಇದ್ದದ್ದು ಸಂಕೋಚಕ್ಕೆ. ಮಗಳನ್ನು ಬೆಳೆಸಲು ಒಬ್ಬರ ಉಪಕಾರ ತೆಗೆದುಕೊಂಡಾಗಿತ್ತು. ಮಾವನನ್ನು ಕಾಯಲು ಇನ್ನೊಬ್ಬರದು ಬೇಡವೆಂದುಕೊಂಡಿದ್ದಳು. ಆ ಬಿಗುಮಾನ ಅವಳ ಮಾವನನ್ನು ಹಳಿಯ ಪಕ್ಕಕ್ಕೆ ಒಯ್ದು ನಿಲ್ಲಿಸಿತ್ತು. ಆದ್ದರಿಂದ ಹಿಟ್ಟಿನ ಕೈಯಲ್ಲೇ ಕೇಳಿದಳು: "ಹಂಗಾರ ನೋಡ್ತೀರೇನ್ರಿ?"

"ಮೊದ್ಲ ಆ ಡಬ್ಬಿಗೆ ನನ್ನ ಮಾರಿ ಗುರ್ತ ಹಿಡಸು," ಎಂದಳು ಕುಂದಾ ಕಾಕು.

ಜಾಂಬೋಟಿಯಿಂದ ಬಂದ ಅಭಿಜಿತ ಇಬ್ಬರಿಂದಲೂ ಬೈಸಿಕೊಂಡು ಕೆಲಸಕ್ಕೆ ಕೂತ. ಜಗಲಿಯ ಪಕ್ಕದ ಫೋನು ಕಿತ್ತು ಬಂತು. ತಾಯಿಯ ಮುಖವನ್ನು ಕ್ಯಾಮೆರಾಕ್ಕೆ ಎದುರಿನಿಂದ, ಬಲದಿಂದ, ಎಡದಿಂದ ತೋರಿಸಿದ. ಯಂತ್ರದಲ್ಲಿ ಮನೆಯ ಯಜಮಾನರೆಂದು ಇಬ್ಬರನ್ನು ಬರೆಸಲು ಮೊದಲಿನಿಂದಲೂ ಅವಕಾಶವಿತ್ತು. ಯಲ್ಲೇಶ ದಾರಿಯಲ್ಲಿರುತ್ತಾನೆಂದು ಎರಡನೆಯ ಜಾಗ ಖಾಲಿ ಬಿಟ್ಟಿದ್ದರು. ಅಲ್ಲಿ ಕುಂದಾ ಎಂಬ ಹೆಸರು ಕೂತಿತು, ಎಚ್ಚರಿಕೆ ಅವಳ ಫೋನಿಗೂ ಹೋಗಿ ಅವಳೂ ಅಳಿಸುವಂತಾಯಿತು.

ಈಗಲೂ ಆ ಮನೆಗೆ ಹೊರಗಿನ ಚಿಲಕವಿಲ್ಲ. ಕುಂದಾ ಕಾಕು ಕೊಲ್ಹಾಪುರದ ಮಗಳ ಮನೆಗೆ ಹೋದಾಗ ತ್ರಿವೇಣಿ ರಜೆ ಹಾಕುತ್ತಾಳೆ, ಇಲ್ಲವೇ ಯಲ್ಲೇಶ ಡ್ಯೂಟಿ ಬದಲಿಸಿಕೊಳ್ಳುತ್ತಾನೆ. ತೊಂದರೆ ತಪ್ಪಿಲ್ಲ. ಆದರೆ ತ್ರಿವೇಣಿ ಕಪಾಟಿಗೆ ಓಡುವುದು ತಪ್ಪಿದೆ, ಊಟದ ಹೊತ್ತಿಗೆ ಹೋಗಿ ತೆರೆಯುತ್ತಾಳೆ. ಬೆಳಿಗ್ಗೆಯಿಂದ ಬಂದ ಎಚ್ಚರಿಕೆಗಳೆಲ್ಲ ಅಳಿಸಿರುತ್ತವೆ, ಒಂದೊಂದರ ಜೊತೆಗೂ ಕುಂದಾ ಕಾಕು ದನಿಯಲ್ಲಿ ಕಳಿಸಿದ ಸಂದೇಶ ಇರುತ್ತದೆ. ಎಚ್ಚರಿಕೆ ಯಾಕೆ ಅಳಿಸಿದೆನೆಂದು ಹೇಳದೆ ಅವಳು ಅಳಿಸುವುದಿಲ್ಲ.

ಮೊನ್ನೆಯದು ಹೀಗಿತ್ತು: "ಬಾಗ್ಲಾ ತಗದದ. ಕಾಡವ್ವ ಮೆಂತ್ಯಾ ತಂದಾಳ. ಬಾಡ್ಯಾವ ಅಂತ ಕಾಕಾ ಆಕಿ ಜೋಡಿ ಜಗಳಾ ತಗದಾರ. ಖರೇನ ಬಾಡ್ಯಾವ, ನಾನೂ ನೋಡೀನಿ. ಒತ್ತಿಬಿಟ್ಟೆ ಮತ್ತ."

ತ್ರಿವೇಣಿ ಪೂರ್ತಿ ಕೇಳಿದಳು. ಆಮೇಲೆ ಊಟದ ಡಬ್ಬಿ ಬಿಚ್ಚಿದಳು.